ಅಮ್ಮನವರೇ ಅಯ್ಯನವರು

(ಮುಂಬಯಿ ಉಪನಗರದ ಕನ್ನಡ ಸಂಘವೊಂದರ ತಿಂಗಳ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆ ನಕ್ಕ ಕಡೆಗಳನ್ನು ಹಾಗೇ ಬಿಟ್ಟಿದ್ದೇನೆ, ನಾನು ಕೆಮ್ಮಿದ ಕಡೆಗಳನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಜರ್ಮನಿ ಪ್ರವಾಸ’. ಹದಿನೆಂಟು ದಿನ ಹೋಗಿ ಬಂದವನು ಒಂದು ದೇಶದ ಬಗ್ಗೆ ಭಾಷಣ ಮಾಡುವುದು ಅಧಿಕಪ್ರಸಂಗ. ನಾನು ಸರಿಯಾಗಿ ನೋಡಿದ್ದು ಒಂದು ಮನೆ, ಅಷ್ಟೇ. ಅದು ಪಾದ್ರಿಯ ಮನೆ. ಆ ಮನೆಯಲ್ಲಿ ಪಾದ್ರಿ, ಪಾದ್ರಿಯ ಗಂಡ, ಇಬ್ಬರು ಮಕ್ಕಳು. ಹೌದು, ಗಂಡ ಅಂತಲೇ ಹೇಳಿದ್ದು. ಬಾಯಿ ತಪ್ಪಲಿಲ್ಲ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ‘ಕ್ರಿಶ್ಚನ್ನರು’ ಅಂತ ನೀವು ನಮ್ಮನ್ನೆಲ್ಲ ಒಂದೇ ಬುಟ್ಟಿಗೆ ಹಾಕುತ್ತೀರಿ. ಬುಟ್ಟಿಯೊಳಗಿನ ಸಮಾಚಾರ ಬೇರೆ ಉಂಟು. ನಾನು ಮಂಗಳೂರಿನ ಕೊಂಕಣಿ ಮಾತಾಡುವ ಕ್ಯಾಥೊಲಿಕ್. ನಮ್ಮ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನವರು ಹುಬ್ಬಳ್ಳಿ ಕಡೆಯವರು, ಬಾಸೆಲ್ ಮಿಶನ್ ಪೈಕಿ ಪ್ರಾಟೆಸ್ಟೆಂಟರು. ಅವರ ಬೈಬಲಿನಲ್ಲಿ 66 ಪುಸ್ತಕ, ನಮ್ಮದರಲ್ಲಿ 73. ಆ ಏಳು ಪುಸ್ತಕ ಹಾಗಿರಲಿ, ಕನ್ನಡವೇ ಬೇರೆ. ನಮ್ಮದು ‘ಬಲಿಪೂಜೆ’, ಅವರದು ‘ಆರಾಧನೆ’. ನಮಗೆ ‘ಪ್ರಭು’, ಅವರಿಗೆ ‘ಕರ್ತನು’. ಯೇಸುವಿನ ತಾಯಿ ನಮಗೆ ‘ಮರಿಯಮ್ಮ’, ಅವರಿಗೆ ‘ಮರಿಯಳು’. ಆ ಒಂದು ‘ಅಮ್ಮ’ನ ಹಿಂದೆ ಐನೂರು ವರ್ಷದ ವ್ಯಾಜ್ಯ ಉಂಟು. ನಮ್ಮ ಫಾದರ್‌ಗಳಿಗೆ ಮದುವೆ ಇಲ್ಲ. ಅವರಲ್ಲಿ ಸಭಾಪಾಲಕರು ಅಂದರೆ ‘ಅಯ್ಯನವರು’, ಅಯ್ಯನವರ ಹೆಂಡತಿ ‘ಅಮ್ಮನವರು’. ನಾವು ಹೊರಡುವ ಹಿಂದಿನ ರಾತ್ರಿ ಎದುರುಮನೆಯವರು ಲಗೇಜು ತೂಗುವುದಕ್ಕೆ ತಕ್ಕಡಿ ಹಿಡಿದುಕೊಂಡು ಬಂದರು. ತೂಕ ನೋಡಿ ಆದ ಮೇಲೆ ಗಂಭೀರವಾಗಿ ಹೇಳಿದರು: “ನೋಡ್ರಿ, ಅಲ್ಲಿ ಅಮ್ಮಾರ ಅಯ್ಯಾರು. ಕರಿಯೂ ಮುಂದ ಗೊಂದಲ ಮಾಡ್ಕೋಬ್ಯಾಡ್ರಿ.”

ನನ್ನ ಗೊಂದಲ ಹಳೆಯದು. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಜೆಪ್ಪುವಿನ ಹತ್ತಿರ. ಮನೆಯ ಮಾಡಿಗೆ ಕೆಂಪು ಹಂಚು. ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸುವಾಗ ನಾವು ಮಕ್ಕಳು ಕೆಳಗೆ ನಿಂತು ಕೈಗೆ ಕೈ ದಾಟಿಸುತ್ತಿದ್ದೆವು. ಹಂಚಿನ ಬೆನ್ನ ಮೇಲೆ ಅಚ್ಚು ಒತ್ತಿರುತ್ತಿತ್ತು: ಬಾಸೆಲ್ ಮಿಶನ್, 1865. ಪ್ಲೆಬ್‌ಸ್ಟ್ ಎಂಬ ಮಿಶನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಅಂದರೆ ದಿನಾ ಸಂಜೆ ಮೊಣಕಾಲೂರಿ ತೆರ್ಸ್ (ಮರಿಯಮ್ಮನ ಜಪಸರದ ಪ್ರಾರ್ಥನೆ) ಹೇಳುತ್ತಿದ್ದ ನಾವು, ಮಲಗುತ್ತಿದ್ದದ್ದು ಪ್ರಾಟೆಸ್ಟೆಂಟ್ ಹಂಚಿನಡಿ. ಹಂಚಿಗೆ ಯಾವ ಮೈಲಿಗೆಯೂ ಇರಲಿಲ್ಲ. ಅವರ ದೇವಾಲಯದ ಹೊಸ್ತಿಲಿಗೆ ಇತ್ತು. 1961ರ ಕ್ರಿಸ್ಮಸ್‌ಗೆ, ನನಗೆ ಒಂಬತ್ತು ವರ್ಷ, ಶಾಲೆಯ ಗೆಳೆಯನೊಬ್ಬನ ಜೊತೆ ಅವರ ಚರ್ಚಿನ ನಾಟಕ ನೋಡಲು ಹೋದೆ. ಕುರಿಕಾಯುವವನ ವೇಷದಲ್ಲಿದ್ದ ಹುಡುಗನಿಗೆ ಮೀಸೆ ಕಳಚಿ ಬಿದ್ದದ್ದು ಇನ್ನೂ ನೆನಪುಂಟು. ಮುಂದಿನ ಭಾನುವಾರ ಧರ್ಮೋಪದೇಶದ ಕ್ಲಾಸಿನಲ್ಲಿ, ಹೆಸರು ಬೇಡ, ಪಾಠ ಹೇಳುವವರು ನನ್ನನ್ನು ಎಲ್ಲರ ಎದುರು ಅರ್ಧ ಗಂಟೆ ಮೊಣಕಾಲಲ್ಲಿ ನಿಲ್ಲಿಸಿದರು. ಅವರ ಚರ್ಚಿಗೆ ಕಾಲಿಟ್ಟದ್ದಕ್ಕೆ.

ಮೂರೇ ವರ್ಷದಲ್ಲಿ ಕಾಲ ಬದಲಾಯಿತು. ರೋಮಿನಲ್ಲಿ ನಡೆಯುತ್ತಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು, ಬೇರೆ ಸಭೆಯ, ಅಂದರೆ ಬೇರೆ ಚರ್ಚಿನ, ಕ್ರೈಸ್ತರೂ ನಮ್ಮ ಸಹೋದರರೇ ಎಂದು ಬರೆದು ಪ್ರಕಟಿಸಿತು. ಆಮೇಲೆ ಎರಡು ವಾರ ಕಳೆಯುವುದರೊಳಗೆ ಆರನೇ ಪೌಲ್ ಪೋಪ್ ನಮ್ಮ ಇದೇ ಮುಂಬಯಿಗೆ ಬಂದಿಳಿದರು. ಕಾಗದದಲ್ಲಿ ಎಲ್ಲ ಸರಿಹೋಯಿತು. ಮೊಣಕಾಲಿಗೆ ಮಾತ್ರ ಆ ಕಾಗದ ತಲುಪಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಆ ಪಾದ್ರಿಯ ವಿಷಯ. 1998ರಲ್ಲಿ ಜರ್ಮನಿಯಿಂದ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಮಂಗಳೂರಿನ ಮಕ್ಕಳ ಹಾಸ್ಟೆಲೊಂದರಲ್ಲಿ ಒಂದು ವರ್ಷ ಸ್ವಯಂಸೇವೆಗೆ ಬಂದಿದ್ದಳು. ರಜೆಯಲ್ಲಿ ಮುಂಬಯಿ ನೋಡಲು ಬಂದವಳು ಎದುರುಮನೆಯಲ್ಲಿ ಉಳಿದಳು, ಬಂದ ಮೂರನೇ ದಿನ ಕಾಮಾಲೆ ಹಿಡಿದು ಮಲಗಿದಳು. ಎದುರುಮನೆಯಾಕೆ ಕೆಲಸಕ್ಕೆ ಹೋಗುವವರು. ಹಾಗಾಗಿ ಹಗಲು ಹೊತ್ತು ನನ್ನ ಹೆಂಡತಿಯ ಪಾಲಿಗೆ ಬಂತು. ಮೂರು ವಾರ ಗಂಜಿ, ಹೆಸರುಬೇಳೆ ನೀರು, ಕಬ್ಬಿನ ಹಾಲು. ಹುಡುಗಿಗೆ ಹಳದಿ ಇಳಿಯುವಷ್ಟರಲ್ಲಿ ಮಂಗಳೂರು ಕನ್ನಡ ಇನ್ನಷ್ಟು ಏರಿತ್ತು. ಊರಿಗೆ ಹೋಗಿ ದೇವಶಾಸ್ತ್ರ ಓದಿ ಪಾಸ್ಟರ್ ಆದಳು. ಇನ್ನು ಮುಂದೆ ‘ಆದರು’ ಅನ್ನುತ್ತೇನೆ, ಪದವಿಗೆ ಮರ್ಯಾದೆ ಕೊಡಬೇಕು. ಪ್ರತಿ ಕ್ರಿಸ್ಮಸ್‌ಗೆ ಕಾಗದ: ಆಂಟಿ, ಯಾವಾಗ ಬರ್ತೀರಿ? ಇಪ್ಪತ್ತು ವರ್ಷ ಕಳೆದು, 2018ರ ಸೆಪ್ಟೆಂಬರ್ ಕೊನೆಗೆ ನಾವು ಹೊರಟೆವು.

ಮ್ಯೂನಿಕ್‌ನಿಂದ ಉಲ್ಮ್‌ಗೆ ರೈಲು. ದಾರಿಯಲ್ಲಿ ಆಗ್ಸ್‌ಬರ್ಗ್ ಸಿಗುತ್ತದೆ. 1999ರ ಅಕ್ಟೋಬರ್ 31ರಂದು ನಮ್ಮವರೂ ಲೂಥರನ್ನರೂ, ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬ ಹಳೇ ಜಗಳದ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದು ಈ ಊರಿನಲ್ಲಿ. ಪ್ರಾಟೆಸ್ಟೆಂಟ್ ಪಂಥಕ್ಕೆ ದಾರಿ ಮಾಡಿದ ಲೂಥರ್ 1517ರಲ್ಲಿ ಎತ್ತಿದ ಪ್ರಶ್ನೆಗಳ ನೆನಪಿಗೆ ಅದೇ ದಿನ ಆರಿಸಿಕೊಂಡಿದ್ದರು. ಒಪ್ಪಂದ ಬೇಡ ಅಂತ ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಟೆಸ್ಟೆಂಟ್ ಪ್ರಾಧ್ಯಾಪಕರು ಕೂಡ ಸಹಿ ಹಾಕಿದ್ದರು. ಪಂಡಿತರು ಇದ್ದಲ್ಲಿ ಅಷ್ಟು ಇರುತ್ತದೆ.

ಉಲ್ಮ್‌ನ ಹೊರಗಿನ ಹಳ್ಳಿ. ಇಗರ್ಜಿಗೆ, ಅಂದರೆ ಚರ್ಚಿಗೆ, ತಾಗಿ ದೊಡ್ಡ ಹಳೇ ಮನೆ, ಬಾಗಿಲಲ್ಲಿ ಮಣ್ಣು ಮೆತ್ತಿದ ನಾಲ್ಕು ಜೊತೆ ಬೂಟು. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. “ಬನ್ನಿ ಮಾರಾಯ್ರೆ, ಎಂತ ಇಷ್ಟು ತಡ?” ನನ್ನ ಹೆಂಡತಿ ಅಲ್ಲೇ ಅತ್ತುಬಿಟ್ಟಳು.

ನಾನು ಕಂಡ ಪಾದ್ರಿಗಳ ಮನೆ ಅಂದರೆ ಗಡಿಯಾರದ ಸದ್ದು ಕೇಳುವ ಮನೆ. ಉದ್ದ ಜಗಲಿ, ಬೆತ್ತದ ಕುರ್ಚಿ, ಅಡುಗೆಯವ ತಂದಿಡುವ ಚಹಾ. ಇಲ್ಲಿ ರೇಡಿಯೇಟರಿನ ಮೇಲೆ ಒದ್ದೆ ಸಾಕ್ಸು. ಶನಿವಾರ ರಾತ್ರಿ ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಪಾಸ್ಟರಮ್ಮ ನಾಳೆ ಚರ್ಚಿನಲ್ಲಿ ಹೇಳುವ ಪ್ರಸಂಗ ಬರೆಯುತ್ತಿದ್ದಾರೆ, ನಡುವೆ ಒಂಬತ್ತು ವರ್ಷದ ಮಗಳು ಭಾಗಾಕಾರ ಮಾಡುತ್ತಿದ್ದಾಳೆ, ಈ ತುದಿಯಲ್ಲಿ ಗಂಡ ಹಿಟ್ಟು ಲಟ್ಟಿಸುತ್ತಿದ್ದಾರೆ. ಪ್ರಸಂಗದ ಎರಡನೇ ಹಾಳೆಗೆ ಜಾಮ್ ಅಂಟಿತ್ತು. ನಡುವೆ ಬಾಗಿಲ ಬೆಲ್ ಆಯಿತು. ಊರೂರು ಅಲೆಯುವ ಗಡ್ಡದವನೊಬ್ಬ. ಯಾರೂ ಏನೂ ಕೇಳಲಿಲ್ಲ. ಮಗ ಎದ್ದುಹೋಗಿ ಬ್ರೆಡ್ಡು, ಚೀಸು, ಫ್ಲಾಸ್ಕಿನ ಕಾಫಿ ಕೊಟ್ಟು ಬಂದು ಮತ್ತೆ ಮೊಬೈಲು ಹಿಡಿದು ಕೂತ.

ಗಂಡ ಶಾಲಾ ಮಾಸ್ಟ್ರು. ಮನೆಯ ಅಡುಗೆ ಅವರದೇ. ಅವತ್ತು ಮಾಡುತ್ತಿದ್ದದ್ದು ಮೌಲ್‌ಟಾಶನ್. ಕಡುಬು ಅಂದುಕೊಳ್ಳಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಮಾಂಸ, ಪಾಲಕ್, ಈರುಳ್ಳಿ ತುಂಬಿ ಮಡಚಿ ಬೇಯಿಸುವುದು. ಅದರ ಕಥೆ ಹೇಳಿ ಅವರೇ ನಕ್ಕರು. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಮಾಂಸ ವರ್ಜ್ಯ. ಹಿಟ್ಟಿನೊಳಗೆ ಮುಚ್ಚಿಟ್ಟರೆ ದೇವರಿಗೆ ಕಾಣುವುದಿಲ್ಲ ಅಂತ ಮಠದ ಸನ್ಯಾಸಿಗಳು ಮಾಡಿದ ಉಪಾಯವಂತೆ. ದೇವರಿಗೇ ಚಳ್ಳೆಹಣ್ಣು ತಿನ್ನಿಸುವ ಕಡುಬು! “ನಿಮ್ಮ ಕ್ಯಾಥೊಲಿಕರ ಕಂಡುಹಿಡಿತ, ತಿನ್ನುವುದು ಮಾತ್ರ ನಾವು” ಅಂದರು. ಮರುದಿನ ನನ್ನ ಹೆಂಡತಿ ಸೂಟ್‌ಕೇಸಿನಿಂದ ಬಾಫಾತ್ ಪುಡಿ ತೆಗೆದು ಹಂದಿಮಾಂಸ ಮಾಡಿದಳು. ಮಾಸ್ಟ್ರು ಪಕ್ಕದಲ್ಲಿ ಪೆನ್ನು ಹಿಡಿದು ನಿಂತು ಎಷ್ಟು ಗ್ರಾಮ್, ಎಷ್ಟು ನಿಮಿಷ ಅಂತ ಕೇಳಿದ್ದೇ ಕೇಳಿದ್ದು. “ಅಂದಾಜು” ಅನ್ನುವ ಪದಕ್ಕೆ ಜರ್ಮನ್ ಹುಡುಕಲು ಪಾಸ್ಟರಮ್ಮನಿಗೂ ಕಷ್ಟವಾಯಿತು.

ಹೆಂಗಸರು ಪಾಸ್ಟರ್ ಆಗುವುದು ಅಲ್ಲಿ ಹೊಸದಲ್ಲ. ಉಲ್ಮ್ ಇರುವ ವ್ಯುರ್ಟೆಂಬರ್ಗ್ ಸೀಮೆಯ ಪ್ರಾಟೆಸ್ಟೆಂಟ್ ಸಭೆ 1968ರಲ್ಲೇ ಬಾಗಿಲು ತೆರೆದಿದೆ. ಸಂಬಳ ಸಭೆಯಿಂದ, ಸಭೆಗೆ ಹಣ ಬರುವುದು ಹೆಚ್ಚಾಗಿ ಚರ್ಚ್ ತೆರಿಗೆಯಿಂದ. ಆ ಸೀಮೆಯಲ್ಲಿ ಅದು ಆದಾಯ ತೆರಿಗೆಯ ಶೇಕಡಾ 8. ಕ್ಯಾಥೊಲಿಕರಿಗೂ ಅಷ್ಟೇ. ವಸೂಲಿ ಮಾಡುವುದು ಸರಕಾರದ ತೆರಿಗೆ ಇಲಾಖೆ. ಕಾಣಿಕೆ ತಟ್ಟೆಗೆ ಹತ್ತರ ನೋಟು ಮಡಚಿ ಹಾಕುವ ನಮಗೆ ಇದು ಸ್ವಲ್ಪ ಗಾಬರಿಯ ವಿಷಯ.

ಬೆಳಿಗ್ಗೆ ಕಾಫಿಗೆ ಮೊದಲು ಅವರ ಮನೆಯಲ್ಲಿ ಸಣ್ಣ ನೀಲಿ ಪುಸ್ತಕವೊಂದನ್ನು ತೆರೆದು ಆ ದಿನದ ಬೈಬಲ್ ವಚನ ಓದುತ್ತಾರೆ. ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯನ್ ಸಭೆಯವರು ಚೀಟಿ ಎತ್ತಿ ವರ್ಷದ ಒಂದೊಂದು ದಿನಕ್ಕೂ ಒಂದೊಂದು ವಚನ ಆರಿಸುವ ಪದ್ಧತಿ. 1731ರಿಂದ ಅಚ್ಚಾಗುತ್ತಿದೆ. ಎರಡು ನಿಮಿಷ, ಮುಗಿಯಿತು. ನಮ್ಮದು ಹಾಗಲ್ಲವಲ್ಲ. ನಮಗೆ ಸಂಜೆ ಐವತ್ತಮೂರು ಮಣಿ ಎಣಿಸಬೇಕು. ಅವರ ಮನೆಯಲ್ಲಿ ಅದು ಮುಜುಗರ ಅನಿಸಿ, ಮೊದಲ ಎರಡು ದಿನ ಕೋಣೆಯ ಬಾಗಿಲು ಹಾಕಿ ಪಿಸುದನಿಯಲ್ಲಿ ಕೊಂಕಣಿಯಲ್ಲಿ ತೆರ್ಸ್ ಹೇಳಿದೆವು. ಮೂರನೇ ದಿನ ಬಾಗಿಲು ಮೆಲ್ಲಗೆ ತೆರೆಯಿತು. ಮಗಳು. ಜೇನುಹುಳದ ಸದ್ದು ಕೇಳಿ ನೋಡಲು ಬಂದಳಂತೆ. ಬಂದವಳು ಮಂಚದ ಮೇಲೆ ಕೂತು ನನ್ನ ಹೆಂಡತಿಯ ಜಪಸರದ ತುದಿ ಹಿಡಿದುಕೊಂಡಳು. ಹಿಂದೆಯೇ ಅಮ್ಮ. ನನ್ನ ಎದೆ ಧಸಕ್ಕೆಂದಿತು. ಪಾದ್ರಿಯ ಮಗಳ ಕೈಯಲ್ಲಿ ಜಪಸರ!

ಆಕೆ ಬೈಯಲಿಲ್ಲ. ಹಾಗಂತ “ಎಲ್ಲವೂ ಒಂದೇ” ಎಂಬ ಸಿಹಿ ಮಾತನ್ನೂ ಆಡಲಿಲ್ಲ. ನಾವು ಮುಗಿಸುವ ತನಕ ಕಾದು ಕೂತು ಹೇಳಿದರು: “ಅಂಕಲ್, ನಾನು ಮರಿಯಳ ಹತ್ತಿರ ಪ್ರಾರ್ಥಿಸುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ. ಆದರೆ ಲೂಥರ್ ಮರಿಯಳ ಹಾಡಿನ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾನೆ, 1521ರಲ್ಲಿ. ಬೇಕಾದರೆ ತೋರಿಸುತ್ತೇನೆ.” ತಂದು ತೋರಿಸಿದರು. ರಾತ್ರಿ ಹನ್ನೊಂದರವರೆಗೆ ಕೂತೆವು. ನಾನು ನನ್ನ ಪಕ್ಷ ಹೇಳಿದೆ, ಆಕೆ ಆಕೆಯದು. ಯಾರೂ ಸೋಲಲಿಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ: ನನ್ನ ಅರುವತ್ತಾರು ವರ್ಷದಲ್ಲಿ ಬೇರೆ ಸಭೆಯವರೊಬ್ಬರು ನನ್ನ ಮುಖ ನೋಡಿ “ನಿಮ್ಮ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ” ಅಂತ ಹೇಳಿದ್ದು ಅದೇ ಮೊದಲು. ಮತ್ತು ಹೇಳಿ ಆದ ಮೇಲೆ ನನ್ನ ಹತ್ತಿರ ಹೆಚ್ಚು ಸಲಿಗೆಯಿಂದ ಇದ್ದರು.

ಮರುದಿನ ನಮ್ಮನ್ನು ಬಿಬೆರಾಖ್ ಎಂಬ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಸಂತ ಮಾರ್ಟಿನ್ ಇಗರ್ಜಿ ಉಂಟು. 1548ರಿಂದ ಅದೇ ಒಂದು ಕಟ್ಟಡದಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಪಾಳಿಯಂತೆ ಪೂಜೆ, ಆರಾಧನೆ ನಡೆಸುತ್ತಾರೆ. ಮುಂದಿನ ಪೀಠದ ಭಾಗ ಕ್ಯಾಥೊಲಿಕರದು, ನಡುವಿನ ಹಜಾರ ಇಬ್ಬರದು. ಆ ಊರಿನಲ್ಲಿ 1648ರ ಶಾಂತಿ ಒಪ್ಪಂದದ ನಂತರ ನಗರಾಡಳಿತದ ಹುದ್ದೆಗಳನ್ನೂ ಸಮಸಮ ಹಂಚಿದ್ದರಂತೆ. ಪಾಸ್ಟರಮ್ಮ ಇದನ್ನು ದೊಡ್ಡ ವಿಶೇಷ ಅಂತ ವಿವರಿಸುತ್ತಿದ್ದರೆ ನನಗೆ ನಗು. ನಾನು 1974ರಲ್ಲಿ ಮುಂಬಯಿಗೆ ಬಂದಾಗ ಇದ್ದದ್ದು ಗಿರಗಾಂವಿನ ಚಾಳಿನಲ್ಲಿ. ಹದಿನಾರು ಬಿಡಾರ, ಒಂದು ನಳ್ಳಿ, ಬೆಳಿಗ್ಗೆ ಎರಡು ಗಂಟೆ ನೀರು. ಯಾರ ಬಾಲ್ದಿ ಯಾವಾಗ ಅಂತ ಗೋಡೆಯಲ್ಲಿ ಇದ್ದಿಲಿನಲ್ಲಿ ಬರೆದಿರುತ್ತಿತ್ತು. ಒಬ್ಬರು ಒಂದು ಬಾಲ್ದಿ ಹೆಚ್ಚು ಹಿಡಿದರೆ ಹಾಹಾಕಾರ. ಅದೇ ಜನ, ರಾತ್ರಿ ಒಬ್ಬರಿಗೆ ಎದೆನೋವು ಬಂದರೆ ಚಾದರದಲ್ಲಿ ಹೊತ್ತುಕೊಂಡು ಆಸ್ಪತ್ರೆಗೆ ಓಡುತ್ತಿದ್ದರು. ಗೋಡೆಯ ಮೇಲಿನ ಪಾಳಿ ಅಳಿಸಿಹೋದ ದಿನಗಳಲ್ಲೇ ಹೆಚ್ಚು ಜಗಳ ಆಗುತ್ತಿದ್ದದ್ದು. ಬಿಬೆರಾಖ್‌ನವರು ಅಷ್ಟು ವರ್ಷ ಬಾಳಿದ್ದು ಪ್ರೀತಿ ಉಕ್ಕಿ ಅಂತ ನನಗೆ ಅನಿಸಲಿಲ್ಲ. ಯಾರ ಪಾಳಿ ಯಾವುದು ಅಂತ ಸರಿಯಾಗಿ ಗೊತ್ತಿದ್ದದ್ದರಿಂದ.

ಅಕ್ಟೋಬರ್ ಮೊದಲ ಭಾನುವಾರ ಅವರಿಗೆ ಸುಗ್ಗಿಯ ಹಬ್ಬ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ನಮ್ಮ ತೆನೆ ಹಬ್ಬ, ಮುಗಿಸಿಯೇ ನಾವು ಹೊರಟಿದ್ದು, ತೆನೆ ತಂದು ಹಾಲಿಗೆ ಹಾಕಿ ಕುಡಿದು. ಇಲ್ಲಿ ನೋಡಿದರೆ ಇಗರ್ಜಿಯ ಪೀಠದ ಸುತ್ತ ಗೋಧಿ ತೆನೆ, ಸೇಬು, ಎಲೆಕೋಸು, ಆನೆತಲೆಯಷ್ಟು ದೊಡ್ಡ ಕುಂಬಳಕಾಯಿ. ಒಳಗೆ ಹೋಗುತ್ತಲೇ ಅಭ್ಯಾಸಬಲದಿಂದ ನನ್ನ ಬಲಗಾಲು ಮಡಚಿತು, ಮೊಣಕಾಲು ನೆಲಕ್ಕೆ ತಾಗಿತು. ನಾವು ಮೊಣಕಾಲೂರುವುದು ಪರಮಪ್ರಸಾದದ ಪೆಟ್ಟಿಗೆಯ ಮುಂದೆ, ಅಲ್ಲಿ ಆ ಪೆಟ್ಟಿಗೆಯೇ ಇಲ್ಲ. ಕುಂಬಳಕಾಯಿಗೆ ನಮಸ್ಕಾರ ಮಾಡಿದ ಹಾಗಾಯಿತು! ಪಕ್ಕದ ಅಜ್ಜಿ ಕನ್ನಡಕ ಇಳಿಸಿ ನೋಡಿದರು. ಪಾಸ್ಟರಮ್ಮ ಬಂದರು, ಕಪ್ಪು ನಿಲುವಂಗಿ, ಕೊರಳಿಗೆ ಬಿಳಿ ಪಟ್ಟಿ, ನಮ್ಮ ಹೈಕೋರ್ಟಿನ ವಕೀಲರ ಹಾಗೆ. ಜಾಮ್ ಅಂಟಿದ ಹಾಳೆ ಕೈಯಲ್ಲಿತ್ತು.

ಹಿಂದಿನ ರಾತ್ರಿಯೇ ಹೇಳಿದ್ದರು: “ನಾಳೆ ಕರ್ತನ ಭೋಜನ ಉಂಟು. ನಮ್ಮಲ್ಲಿ ದೀಕ್ಷಾಸ್ನಾನ ಆದ ಎಲ್ಲರಿಗೂ ಕರೆಯುಂಟು. ನಿಮ್ಮ ಸಭೆಯ ನಿಯಮ ಬೇರೆ, ನನಗೆ ಗೊತ್ತು. ನೀವು ಬರದಿದ್ದರೆ ನನಗೆ ಬೇಜಾರಿಲ್ಲ.” ಕರ್ತನ ಭೋಜನ ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು; ಬೇರೆ ಸಭೆಯಲ್ಲಿ ಅದನ್ನು ತೆಗೆದುಕೊಳ್ಳಲು ನಮಗೆ ಅಪ್ಪಣೆಯಿಲ್ಲ. ಊರ ಜನ ಎದ್ದು ಪೀಠದ ಸುತ್ತ ಅರ್ಧಚಂದ್ರದ ಹಾಗೆ ನಿಂತರು. ರೊಟ್ಟಿ, ಬಟ್ಟಲು ಕೈಯಿಂದ ಕೈಗೆ ಹೋಯಿತು. ಬೆಂಚುಗಳಲ್ಲಿ ಉಳಿದವರು ನಾವಿಬ್ಬರು. ಬೇಜಾರಿಲ್ಲ ಅಂತ ಆಕೆ ಹೇಳಿದ್ದರು. ನನಗೆ ಆಯಿತು. ಗಂಜಿ ಕೊಟ್ಟ ಕೈ, ಗಂಜಿ ಕುಡಿದ ಕೈ, ಈ ಒಂದು ಊಟದಲ್ಲಿ ಮಾತ್ರ ಬೇರೆ ಪಂಕ್ತಿ. ಅದನ್ನು ನಾನು ಇಲ್ಲಿ ಬಣ್ಣ ಹಚ್ಚಿ ಹೇಳುವುದಿಲ್ಲ, ಅದು ನೋವೇ. ಮುಗಿದ ಮೇಲೆ ಬಾಗಿಲಲ್ಲಿ ನಿಂತು ಆಕೆ ಎಲ್ಲರ ಕೈ ಕುಲುಕಿದರು. ನಮ್ಮ ಪಾಳಿ ಬಂದಾಗ ಪೀಠದ ಮುಂದೆ ಅಲಂಕಾರಕ್ಕೆ ಇಟ್ಟಿದ್ದ ರೊಟ್ಟಿಯ ಒಂದು ತುಂಡು ಹೆಂಡತಿಯ ಕೈಯಲ್ಲಿಟ್ಟು, “ಇದು ಬರೀ ರೊಟ್ಟಿ ಆಂಟಿ, ತಿನ್ನಬಹುದು” ಅಂದರು. ಆ ಸಂಜೆ ಮಾಸ್ಟ್ರು ಹದಿನಾಲ್ಕು ಕಿಲೋಮೀಟರ್ ಕಾರು ಓಡಿಸಿ ನಮ್ಮನ್ನು ಕ್ಯಾಥೊಲಿಕ್ ಪೂಜೆಗೆ ಬಿಟ್ಟರು. ಪೂಜೆಗೆ ಬಂದ ಫಾದರ್ ಯಾರು ಅಂದುಕೊಂಡಿರಿ? ಕೇರಳದವರು. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಈಗ ನಮ್ಮ ದೇಶದ ಫಾದರ್‌ಗಳೇ.

ಹಿಂದೆ ಬರುವಾಗ ಸ್ಟುಟ್‌ಗಾರ್ಟ್ ದಾರಿಯಲ್ಲಿ ಎಸ್ಲಿಂಗನ್ ಸ್ಟೇಶನ್ ಬಂತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಬಾಸೆಲ್ ಮಿಶನರಿ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಊರು. ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನಾಚರಣೆ ಅಂದರೆ ಮಾಸ್ಟ್ರು ನಂಬಲಿಲ್ಲ. ಮೋಗ್ಲಿಂಗ್ ಹೆಸರೇ ಅವರು ಕೇಳಿರಲಿಲ್ಲ. ರೈಲು ಅಲ್ಲಿ ಎರಡು ನಿಮಿಷ ನಿಂತಿತು. ಇಬ್ಬರೂ ಕಿಟಕಿಯಿಂದ ದ್ರಾಕ್ಷಿ ತೋಟ ನೋಡಿ ಸುಮ್ಮನಾದೆವು.

ಇಷ್ಟಕ್ಕೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಮುಂಬಯಿಗೆ ಬಂದ ಮೇಲೆ ನನಗೊಂದು ಹುರುಪು. ಎದುರುಮನೆಯವರ ಜೊತೆ ಮೂವತ್ತು ವರ್ಷ ಕೇರಂ ಆಡಿದ್ದೇನೆ, ಚರ್ಚಿನ ಮಾತು ಒಂದು ದಿನವೂ ಎತ್ತಲಿಲ್ಲ. ಎತ್ತದೇ ಇದ್ದದ್ದೇ ಸೌಜನ್ಯ ಅಂತ ಇಬ್ಬರೂ ತಿಳಿದಿದ್ದೆವು. ಒಂದು ರಾತ್ರಿ ಬೋರ್ಡಿಗೆ ಪುಡಿ ಹಾಕುತ್ತಾ ಪಾಸ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಸ್ಟ್ರೈಕರ್ ಕೆಳಗಿಟ್ಟರು. “ಹಂಗಾರ ನಾನೂ ಕೇಳ್ತೀನಿ. ನಿಮ್ಮ ಮನಿಯಾಕಿ ಪ್ರತಿ ಬುಧವಾರ ಮಾಹಿಮಿಗೆ ಮೇಣದಬತ್ತಿ ಹಚ್ಚಾಕ ಹೊಕ್ಕಾರಲ್ಲ, ಅದರಾಗ ಏನೈತ್ರಿ?” ಮಾಹಿಮ್ ಚರ್ಚಿನಲ್ಲಿ ಬುಧವಾರ ನಡೆಯುವ ಮರಿಯಮ್ಮನ ನೊವೆನಾ ಪ್ರಾರ್ಥನೆಗೆ ಇಲ್ಲಿ ಕೂತವರಲ್ಲೂ ಎಷ್ಟು ಮಂದಿ ಹೋಗುತ್ತೀರಿ ಅಂತ ನನಗೆ ಗೊತ್ತು, ತಲೆ ತಗ್ಗಿಸಬೇಡಿ. ನಾನು ಉತ್ತರ ಕೊಟ್ಟೆ. ಅವರು ಮರುಪ್ರಶ್ನೆ ಹಾಕಿದರು. ದನಿ ಏರಿತು. ಕೊನೆಗೆ ಅವರು ಕಿಟಕಿಯ ಕಡೆ ನೋಡುತ್ತಾ, “ಮಾತಿಗೆ ಎಲ್ಲಾರೂ ಸಹೋದರರು. ಹೆಣ ಒಳಗಿದ್ದಾಗ ಮಾತ್ರ ಕೆಲವರು ಹೊರಗ ನಿಲ್ತಾರ” ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು ನನಗೆ. 1994ರಲ್ಲಿ ಅವರ ತಾಯಿ ತೀರಿಕೊಂಡಾಗ ಆಸ್ಪತ್ರೆಗೆ ಓಡಿದ್ದು ನಾನು, ಪೆಟ್ಟಿಗೆ ತರಿಸಿದ್ದು ನಾನು, ಸ್ಮಶಾನದಲ್ಲಿ ಮಣ್ಣು ಹಾಕಿದ್ದೂ ನಾನು. ನಡುವೆ ಅವರ ಚರ್ಚಿನಲ್ಲಿ ಪ್ರಾರ್ಥನೆ ನಡೆದ ಮುಕ್ಕಾಲು ಗಂಟೆ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ಹೋಗಬಾರದು ಅನ್ನುವ ನಿಯಮ ತೆಗೆದು ಆಗಲೇ ಮೂವತ್ತು ವರ್ಷವಾಗಿತ್ತು. ನನಗೆ ಗೊತ್ತೂ ಇತ್ತು. ಆದರೂ ಆ ಮೆಟ್ಟಿಲ ಹತ್ತಿರ ಬಂದಾಗ ಕಾಲು ನಿಂತುಬಿಟ್ಟಿತು. ಅವರು ನೋಡಿದ್ದರು. ಇಪ್ಪತ್ತನಾಲ್ಕು ವರ್ಷ ಏನೂ ಹೇಳದೆ ನನ್ನ ಜೊತೆ ಕೇರಂ ಆಡಿದ್ದರು.

ನಾನು 1961ರ ಕಥೆ ಹೇಳಿದೆ, ಆ ಅರ್ಧ ಗಂಟೆಯದು. ಅವರು ಏನೂ ಹೇಳದೆ ಎದ್ದು ಹೋದರು. ಒಂದು ವಾರ ಮಾತಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಅಂಕಿ ನೋಡುವುದು.

ನವೆಂಬರಿನಲ್ಲಿ ಅವರ ಚರ್ಚಿನ ಸುಗ್ಗಿ ಹಬ್ಬ ಬಂತು. ಆರಾಧನೆ ಆದ ಮೇಲೆ ಮನೆಮನೆಯಿಂದ ತಂದ ಹಣ್ಣು ತರಕಾರಿಗಳ ಹರಾಜು. ಕರೆಯಲಿಲ್ಲ, ನಾನೇ ಹೋದೆ. ಮೆಟ್ಟಿಲು ಹತ್ತಿ ಒಳಗೆ ಹೋಗಿ ಹಿಂದಿನಿಂದ ನಾಲ್ಕನೇ ಬೆಂಚಿನಲ್ಲಿ ಕೂತೆ. ಮೊಣಕಾಲು ಈ ಸಲ ಮಡಚಲಿಲ್ಲ, ಜರ್ಮನಿಯಲ್ಲಿ ಕಲಿತಿತ್ತು. ಹರಾಜಿನಲ್ಲಿ ಒಂದು ಕುಂಬಳಕಾಯಿ ಬಂತು. ಸಣ್ಣದು, ನೂರು ರೂಪಾಯಿಯೂ ಬಾಳುವುದಿಲ್ಲ. ನಾನು ನೂರೈವತ್ತು ಅಂದೆ. ಮುಂದಿನ ಸಾಲಿನಿಂದ ಯಾರೋ ಇನ್ನೂರು ಅಂದರು, ಹಿಂತಿರುಗದೆ. ನಾನು ಇನ್ನೂರೈವತ್ತು. ಮುನ್ನೂರು. ಎಂಟುನೂರ ಐವತ್ತಕ್ಕೆ ಅದು ನನ್ನ ತಲೆಗೆ ಬಿತ್ತು. ಬೆಲೆ ಏರಿಸಿದ ಮಹಾನುಭಾವರು ಈಗ ಇಲ್ಲೇ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಪ್ರಶ್ನೋತ್ತರ ಶುರುವಾದರೆ ಮೊದಲು ಕೈ ಎತ್ತುವವರು ಅವರೇ. ಕಾರ್ಯದರ್ಶಿಗಳೇ, ಮೈಕು ಅವರಿಗೆ ಕೊಡಿ.